ಐದನೆಯ ಚೀಟಿ

ಲಿಫ್ಟ್ ಮೇಸ್ತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಪಾರ್ಟ್‌ಮೆಂಟಿನ ಕಾವಲುಗಾರ ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತ.

"ಏನ್ರೀ ಮೇಸ್ತ್ರಿ, ಫೋನ್ ಎತ್ತೋದೇ ಇಲ್ವಲ್ಲ! ಟೀಚರಮ್ಮ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡು ಒಂದು ಗಂಟೆ ಮೇಲಾಯ್ತು!"

ಫೋನು ತಟ್ಟೆಯ ಪಕ್ಕದಲ್ಲೇ ಇತ್ತು. ಪರದೆಯ ಮೇಲೆ ಒಂದೇ ಒಂದು ಕರೆಯ ಗುರುತೂ ಇರಲಿಲ್ಲ. ಮೇಸ್ತ್ರಿ ಒದ್ದೆ ಕೈಯಲ್ಲೇ ಸಾಮಾನಿನ ಚೀಲ ಎತ್ತಿಕೊಂಡು ಓಡಿದ.

ಮೂರು ಮತ್ತು ನಾಲ್ಕನೆಯ ಮಹಡಿಗಳ ನಡುವೆ ನಿಂತಿದ್ದ ಲಿಫ್ಟನ್ನು ಕೆಳಗಿಳಿಸಿ ಬಾಗಿಲು ತೆರೆಯಲು ಅವನಿಗೆ ಹಿಡಿದದ್ದು ಹತ್ತೇ ನಿಮಿಷ. ನಿವೃತ್ತ ಟೀಚರು ಒಳಗೆ ನೆಲದ ಮೇಲೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ತುರ್ತಿಗೆ ಕರೆ ಮಾಡಿ ಎಂದು ಅವರ ತಲೆಯ ಮೇಲೆಯೇ ಅಂಟಿಸಿದ್ದ ನಂಬರು ಮೇಸ್ತ್ರಿಯದು.

"ಹದಿನಾರು ಸಲ ಮಾಡಿದೆ. ರಿಂಗ್ ಆಗ್ತಾನೇ ಇತ್ತು. ನೀವು ಕರೆದ್ರೆ ಬಂದೇ ಬರೋರು ಅಂತ ಬೇರೆ ಯಾರಿಗೂ ಮಾಡ್ಲೇ ಇಲ್ಲ" ಎಂದರು ಟೀಚರು. "ಆಮೇಲೆ ಬಾಗಿಲು ಬಡೀತಾ ಕೂತೆ."

"ನಂಗೆ ಬರ್ಲೇ ಇಲ್ಲ ಟೀಚರ್. ಫೋನ್ ಕೆಟ್ಟಿದೆ."

ಸುತ್ತ ನೆರೆದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫೋನ್ ಬರಲೇ ಇಲ್ಲ ಎನ್ನುವುದು ಲೋಕದ ಸೋಮಾರಿಗಳೆಲ್ಲ ಸವೆಸಿಟ್ಟಿರುವ ಮಾತು. ನಿಜವಾಗಿ ಬರದಿದ್ದವನು ಅದನ್ನೇ ಹೇಳಿದರೆ ಯಾರು ತಾನೆ ನಂಬುತ್ತಾರೆ? ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯಂತೂ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು: "ಈ ತಿಂಗಳ ಕೊನೆವರೆಗೆ ನೋಡ್ತೀವಿ. ಆಮೇಲೆ ಬೇರೆಯವರನ್ನ ಗೊತ್ತು ಮಾಡ್ಕೋತೀವಿ." ಹದಿನೆಂಟು ವರ್ಷದಿಂದ ಮೇಸ್ತ್ರಿ ಸಂಪಾದಿಸಿದ್ದ ದೊಡ್ಡ ಆಸ್ತಿಯೆಂದರೆ ಕರೆದರೆ ಬರುತ್ತಾನೆ ಎನ್ನುವ ಹೆಸರು. ಅದು ಹೀಗೆ ಮೆಟ್ಟಿಲ ಮೇಲೆ ನಾಲ್ಕು ಜನರೆದುರು ಮಣ್ಣುಪಾಲಾಯಿತು.

ಆ ಫೋನನ್ನು ಏಳು ತಿಂಗಳ ಹಿಂದೆ ಎರಡು ವರ್ಷದ ಕರಾರಿನ ಮೇಲೆ ತಂದಿದ್ದ. ಫೋನೂ ಸಂಪರ್ಕವೂ ಒಂದೇ ಅಂಗಡಿಯವು. ಒಮ್ಮೆ ಎರಡು ವಾರ, ಒಮ್ಮೆ ಎರಡೇ ದಿನ ಸರಿಯಾಗಿರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕೆಲವು ಗಂಟೆ ಮೂಕವಾಗಿಬಿಡುತ್ತಿತ್ತು. ಕರೆದವರ ಕಿವಿಗೆ ರಿಂಗು ಕೇಳುತ್ತದೆ, ಇವನ ಜೇಬಿನಲ್ಲಿ ಮಾತ್ರ ಕಲ್ಲು ಬಿದ್ದಂತೆ ಬಿದ್ದಿರುತ್ತದೆ. ನಾಲ್ಕು ಸಲ ರಿಪೇರಿಗೆ ಕೊಟ್ಟಿದ್ದಾಗಿತ್ತು. ಅಂಗಡಿಯ ಕೌಂಟರಿನ ಮೇಲಿಟ್ಟರೆ ಸಾಕು, ಹಾಳಾದ್ದು ಬಲು ಸಂಭಾವಿತನ ಹಾಗೆ ಬಡಿದುಕೊಳ್ಳುತ್ತಿತ್ತು. ಆ ದಿನವೇ ಐದನೆಯ ಸಲವೂ ಅಂಗಡಿಗೆ ಕೊಟ್ಟು ಮನೆಗೆ ಬಂದ.

ಸಂಜೆ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, ಡ್ರಾಯರಿನಿಂದ ನಾಲ್ಕು ರಿಪೇರಿ ಚೀಟಿ ತೆಗೆದು ಅವನೆದುರು ಹರಡಿದಳು.

"ರೀ, ಇದು ಯಾರ ಸಹಿ?"

"ನಂದೇ. ಯಾಕೆ?"

"'ದೋಷ ಸರಿಪಡಿಸಲಾಗಿದೆ. ಪರೀಕ್ಷಿಸಿ ನೋಡಿದ್ದೇನೆ. ತೃಪ್ತಿಯಾಗಿದೆ.' ನಾಲ್ಕರಲ್ಲೂ ಇದೇ ಇದೆ. ಪರೀಕ್ಷಿಸಿದ್ರಾ?"

"ಹಿಂದೆ ಜನ ನಿಂತಿದ್ರು ಕಣೆ. ಆ ಕೌಂಟರ್ ಹುಡುಗಿ ಇಲ್ಲೊಂದು ಸಹಿ ಹಾಕಿ ಅಂದ್ಲು. ಹಾಕ್ದೆ."

"ಕಾರ್ಯದರ್ಶಿ ಎಷ್ಟೇ ಅವಸರ ಮಾಡ್ಲಿ, ಇಪ್ಪತ್ತು ಸಲ ಮೇಲೆ ಕೆಳಗೆ ಓಡಿಸದೆ ಲಿಫ್ಟ್ ಪುಸ್ತಕಕ್ಕೆ ಸಹಿ ಹಾಕದ ಮನುಷ್ಯ ನೀವು! ಇಲ್ಲಿ ಮಾತ್ರ ಕಣ್ಣು ಮುಚ್ಕೊಂಡು ಹಾಕಿದ್ದೀರಲ್ಲ?"

ತನ್ನ ಕಸುಬಿನಲ್ಲಿ ಹುಲಿಯಾದ ಮೇಸ್ತ್ರಿ ಇನ್ನೊಬ್ಬರ ಕೌಂಟರಿನೆದುರು ಬೆಕ್ಕಾಗಿದ್ದ. ತಿಳಿಯದ ವಿಷಯದಲ್ಲಿ ಬಾಯಿಬಿಟ್ಟರೆ ದಡ್ಡನೆನಿಸಿಕೊಳ್ಳುತ್ತೇನೆಂಬ ಭಯ, ಅಷ್ಟೇ.

"ಸರ್ಕಾರದ ಗ್ರಾಹಕರ ಸಹಾಯ ಕೇಂದ್ರಕ್ಕೆ ಫೋನ್ ಮಾಡಿದ್ದೆ, ನನ್ನ ಹಳೇ ಡಬ್ಬಾ ಫೋನಿಂದಾನೇ" ಎಂದಳು ಹೆಂಡತಿ. "ಮತ್ತೆ ಮತ್ತೆ ರಿಪೇರಿ ಮಾಡಿದ್ರೂ ಸರಿಹೋಗ್ದಿದ್ರೆ ಬೇರೆ ಫೋನ್ ಕೇಳಬಹುದಂತೆ, ಇಲ್ಲಾ ಕರಾರಿಂದ ಬಿಡಿಸಿ ಅನ್ನಬಹುದಂತೆ. ಮಾರಿದವ್ರೇ ಜವಾಬು ಕೊಡ್ಬೇಕಂತೆ. ಬರೀ ಬಾಯಲ್ಲಿ ಹೇಳ್ಬೇಡಿ, ಬರೆದು ಕೊಟ್ಟು ಒಂದು ಪ್ರತಿ ಇಟ್ಕೊಳ್ಳಿ ಅಂದ್ರು."

ನಾಲ್ಕು ದಿನದ ಮೇಲೆ ಫೋನು ಸಿದ್ಧವಾಗಿದೆಯೆಂದು ತಿಳಿದು, ಮೇಸ್ತ್ರಿ ದೂರಿನ ಪತ್ರ ಹಿಡಿದು ಬೆಳಿಗ್ಗೆಯೇ ಅಂಗಡಿಗೆ ಹೋದ. ಮ್ಯಾನೇಜರು ಪತ್ರದ ಮೇಲೆ ಕಣ್ಣಾಡಿಸಿ ನಿಟ್ಟುಸಿರುಬಿಟ್ಟ.

"ನೋಡಿ ಸಾರ್, ನಾವು ಬರೀ ಮಾರೋರು. ತಯಾರಿಸಿದ ಕಂಪನಿಯನ್ನ ಕೇಳಿ. ಬಂದವರಿಗೆಲ್ಲ ಹೊಸದು ಕೊಡ್ತಾ ಹೋದ್ರೆ ಮೇಲಿನವರು ನನ್ನನ್ನ ಮನೆಗೆ ಕಳಿಸ್ತಾರೆ. ಅಲ್ದೆ ನಾಲ್ಕು ಸಲವೂ ಸರಿಯಾಗಿದೆ ಅಂತ ನೀವೇ ಬರೆದು ಕೊಟ್ಟಿದ್ದೀರಿ."

"ಕೊಟ್ಟಿದ್ದೆ, ತಪ್ಪು ನಂದೇ. ಅದಕ್ಕೇ ಇವತ್ತು ಕೊಡಲ್ಲ."

ಕೌಂಟರ್ ಹುಡುಗಿ ಐದನೆಯ ಚೀಟಿಯನ್ನು ಅವನತ್ತ ಸರಿಸಿದ್ದಳು. ಮೇಸ್ತ್ರಿ ಪೆನ್ನು ಮುಟ್ಟಲಿಲ್ಲ. "ಫೋನ್ ಇಲ್ಲೇ ಕೌಂಟರ್ ಗಾಜಿನ ಮೇಲಿರಲಿ. ಅರ್ಧ ಗಂಟೆಗೊಂದು ಸಲ ಅಂಗಡಿ ಫೋನಿಂದ ಕರೆ ಮಾಡಿ. ಸಂಜೆವರೆಗೂ ಬಡ್ಕೊಂಡ್ರೆ ಸಹಿ ಹಾಕ್ತೀನಿ" ಎಂದು ಸ್ಟೂಲ್ ಎಳೆದುಕೊಂಡು ಕೂತ.

ಹತ್ತು ಗಂಟೆಗೆ ಫೋನು ಬಡಿದುಕೊಂಡಿತು. ಹತ್ತೂವರೆಗೆ ಮತ್ತೆ ಬಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರನ ಮುಖದಲ್ಲಿ ನಗು ಮೂಡಿತ್ತು, ಗಿರಾಕಿಗಳು ಮೇಸ್ತ್ರಿಯನ್ನು ತಲೆಕೆಟ್ಟವನ ಹಾಗೆ ನೋಡತೊಡಗಿದ್ದರು. ಎದ್ದು ಹೋಗಿಬಿಡಲೇ ಎಂದು ಅವನಿಗೆ ಮೂರು ಸಲವಾದರೂ ಅನಿಸಿತು. ಎರಡೂವರೆಗೆ ಹುಡುಗಿ ನಂಬರು ಒತ್ತಿ ಕಿವಿಗಿಟ್ಟುಕೊಂಡಳು. ಗಾಜಿನ ಮೇಲಿನ ಫೋನು ಮಿಸುಕಾಡಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಸಾರ್, ಇಲ್ಲಿ ರಿಂಗ್ ಕೇಳ್ತಿದೆ. ಅಲ್ಲಿ ಬರ್ತಿಲ್ಲ."

"ಸಿಗ್ನಲ್ ಇರ್ಲಿಕ್ಕಿಲ್ಲ ಬಿಡಮ್ಮ."

"ನನ್ನ ಫೋನೂ ಅದೇ ಸಂಪರ್ಕದ್ದು ಸಾರ್. ಪಕ್ಕದಲ್ಲೇ ಇದೆ, ಅದಕ್ಕೆ ಕರೆ ಬರ್ತಿದೆ." ಹುಡುಗಿಯ ಮುಖ ಕೆಂಪಾಯಿತು. "ನಾಲ್ಕು ಸಲವೂ ನಾನೇ ಸಹಿ ಹಾಕಿಸ್ಕೊಂಡಿದ್ದು. ಒಂದ್ಸಲಾನೂ ನೋಡಿ ತಗೊಳ್ಳಿ ಅಂತ ಇವರಿಗೆ ಹೇಳ್ಲಿಲ್ಲ."

ಅವಳು ಚೀಟಿ ತನ್ನತ್ತ ಎಳೆದುಕೊಂಡು ಅಚ್ಚಾಗಿದ್ದ ಸಾಲನ್ನು ಹೊಡೆದುಹಾಕಿದಳು. 'ಸರಿಯಾಗಿಲ್ಲ. ನನ್ನೆದುರೇ ಪರೀಕ್ಷಿಸಲಾಗಿದೆ' ಎಂದು ಬರೆದು ಮೊದಲು ತಾನು ಸಹಿ ಹಾಕಿದಳು. ಮೇಸ್ತ್ರಿ ಅದನ್ನು ಎರಡು ಸಲ ಓದಿ ಸಹಿ ಹಾಕಿದ. ಮ್ಯಾನೇಜರು ಎರಡೂ ಸಹಿ ನೋಡಿ, ಕೊನೆಗೆ ದೂರಿನ ಪ್ರತಿಯ ಮೇಲೆ ಮೊಹರು ಒತ್ತಿದ. ಹನ್ನೊಂದನೆಯ ದಿನಕ್ಕೆ ಹೊಸ ಫೋನು ಬಂತು.

ಮೇಸ್ತ್ರಿ ಐದೂ ಚೀಟಿ ಹಿಡಿದು ಸೀದಾ ಅಪಾರ್ಟ್‌ಮೆಂಟಿಗೆ ಹೋದ. ಟೀಚರು ಮಾರುಕಟ್ಟೆಯ ಚೀಲ ಹೊತ್ತು ಮೆಟ್ಟಿಲ ಬುಡದಲ್ಲಿ ಕಂಬಿ ಹಿಡಿದು ನಿಂತಿದ್ದರು. ಅಂದಿನಿಂದ ಅವರು ಲಿಫ್ಟ್ ಹತ್ತಿರಲಿಲ್ಲ. ನಾಲ್ಕು ಮಹಡಿಯನ್ನು ದಿನಕ್ಕೆರಡು ಸಲ ಕಾಲಲ್ಲೇ ಹತ್ತುತ್ತಿದ್ದರು.

"ನಾನು ಸುಳ್ಳು ಹೇಳಿರಲಿಲ್ಲ ಟೀಚರ್" ಎಂದು ಚೀಟಿಗಳನ್ನು ಕೊಟ್ಟ.

ಟೀಚರು ಉತ್ತರಪತ್ರಿಕೆ ನೋಡುವ ಹಾಗೆ ಅವನ್ನು ಓದಿದರು. "ಸರಿ, ಮೋಸ ಅಂಗಡಿಯವರದ್ದೇ. ಆದ್ರೆ ನಾಲ್ಕು ಸಲ ಕೆಟ್ಟಿದ್ದು ನಿಮಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಅದೇ ನಂಬರನ್ನ ಒಳಗೆ ಅಂಟಿಸಿಟ್ಟಿದ್ರಿ."

ಗೆದ್ದು ಬಂದಿದ್ದೇನೆಂಬ ಮೇಸ್ತ್ರಿಯ ಹುಮ್ಮಸ್ಸು ಇಳಿದುಹೋಯಿತು.

"ತಪ್ಪಾಯ್ತು ಟೀಚರ್. ನಿಮಗೆ ಹೇಳ್ಬೇಕಿತ್ತು."

ಟೀಚರು ಮೆಟ್ಟಿಲುಗಳನ್ನು ನೋಡಿದರು, ಲಿಫ್ಟಿನ ಬಾಗಿಲನ್ನು ನೋಡಿದರು. ಮೇಸ್ತ್ರಿ ಬಾಗಿಲು ತೆರೆದು, "ನಾನೂ ಜೊತೆಗೆ ಬರ್ತೀನಿ" ಎಂದ.

"ಬೇಡ. ನೀವು ಇಲ್ಲೇ ನಿಂತಿರಿ" ಎಂದು ಅವರೊಬ್ಬರೇ ಒಳಗೆ ಹೋದರು.

ಬಾಗಿಲು ಮುಚ್ಚಿತು. ಲಿಫ್ಟು ಮೊದಲನೆಯ ಮಹಡಿ ಮುಟ್ಟುವ ಮೊದಲೇ ಮೇಸ್ತ್ರಿಯ ಕೈಯಲ್ಲಿ ಫೋನು ಬಡಿದುಕೊಂಡಿತು. ಎರಡನೆಯ ರಿಂಗಿಗೆ ಬಿಡಲಿಲ್ಲ.

"ಹೇಳಿ ಟೀಚರ್."

ಆ ಕಡೆ ಮಾತಿರಲಿಲ್ಲ, ಭಯದ ಉಸಿರು ಮಾತ್ರ ಕೇಳುತ್ತಿತ್ತು. ನಾಲ್ಕನೆಯ ಮಹಡಿಯಲ್ಲಿ ಬಾಗಿಲು ತೆರೆದ ಸದ್ದಾಗುವವರೆಗೂ ಮೇಸ್ತ್ರಿ ಫೋನನ್ನು ಕಿವಿಯಿಂದ ತೆಗೆಯದೆ, "ಇದ್ದೀನಿ ಟೀಚರ್, ಇಲ್ಲೇ ಇದ್ದೀನಿ" ಎನ್ನುತ್ತಲೇ ಇದ್ದ.