ಬಾಬಾಗಿರಿಯ ಬೀಜ, ಉಬ್ರಾಣಿಯ ಬಿಸಿಲು

ಬಯಲುಸೀಮೆಯ ಉಬ್ರಾಣಿ ಊರಿನ ಗುಲ್ಜಾರ್‌ಬೀಗೆ ಹಿತ್ತಲಿನ ಕಾಫಿ ಗಿಡಗಳೆಂದರೆ ಪಂಚಪ್ರಾಣ. ಬಾಬಾಬುಡನ್‌ಗಿರಿಯ ಉರುಸಿಗೆ ಹೋದಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಅರೇಬಿಕಾ ಬೀಜದಿಂದ ಬೆಳೆಸಿದ ಗಿಡಗಳು. ಮೊದಲ ಬೆಳೆಯ ಕಾಫಿಯನ್ನು ಉರುಸಿನಲ್ಲೇ ಬಂದವರಿಗೆ ಕುಡಿಸುತ್ತೇನೆಂದು ಹರಕೆ ಹೊತ್ತಿದ್ದಳು. ಒಂದು ಬೇಸಿಗೆಯಲ್ಲಿ ಬಾವಿಯ ಬಳಿಯ ಗಿಡವೊಂದು ಹಳದಿಯಾಗಿ ಜೋತುಬಿತ್ತು. ಪಾಪ, ಅವಳಿಗೆ ಊಟವೇ ಸೇರಲಿಲ್ಲ.

ಗಂಡ ಸುಬಾನಸಾಬ ಕೊಡಗಟ್ಟಲೆ ನೀರು ಸುರಿದ. ಗಿಡ ಜಪ್ಪಯ್ಯ ಅನ್ನಲಿಲ್ಲ.

ಪಕ್ಕದ ಮನೆಯ ಅಂಜಿನಮ್ಮ ಬಂದಳು. ಮಲೆನಾಡಿನ ಕಾಫಿ ತೋಟದಲ್ಲಿ ದುಡಿದು ಬಂದವಳು. ಕಾಂಡ ಸವರಿ ನೋಡಿದಳು. ತೊಗಟೆಯ ಮೇಲೆ ಉಬ್ಬಿದ ಸುತ್ತುಗೆರೆಗಳಿದ್ದವು.

"ಇಲ್ಲೊಂದು ಹೊಂಗೆ ಮರ ಇತ್ತಲ್ಲ, ಏನಾತು?"

"ನಾನೇ ಕಡಿದೆ. ಗಿಡಕ್ಕೆ ಬಿಸ್ಲು ಬೀಳ್ಲಿ ಅಂತ," ಎಂದ ಸುಬಾನಸಾಬ.

"ಕೆಲಸ ಕೆಡಿಸಿದ್ರಿ! ಬಿಸ್ಲು ಬಿದ್ದ ಕಾಂಡ ಅಂದ್ರೆ ಕೊರಕ ಹುಳಕ್ಕೆ ಹಬ್ಬ. ಈ ಗೆರೆ ಅಂದ್ರೆ ಒಳಗೆ ಹುಳ ಕೊರೀತೈತೆ. ಅಕ್ಕಾ, ಇದನ್ನ ಬುಡಸಮೇತ ಕಿತ್ತು ಸುಟ್ಟುಬಿಡ್ರಿ."

ಗುಲ್ಜಾರ್‌ಬೀ ಅಡ್ಡ ನಿಂತಳು. "ಬಾಬಾರ ಗಿಡಕ್ಕೆ ಬೆಂಕಿ ಇಡಾಕೆ ನನ್ ಕೈ ಬರಲ್ಲ. ಅವರೇ ಕಾಯ್ತಾರೆ."

"ಮಳೆ ಬೀಳ್ತಿದ್ದಂಗೆ ಈ ಹುಳ ದುಂಬಿಯಾಗಿ ಹಾರಿ, ಉಳಿದ ಗಿಡಕ್ಕೆಲ್ಲ ಮೊಟ್ಟೆ ಇಡ್ತೈತೆ. ಆಮೇಲೆ ಹರಕೆಗೆ ಏನ್ ಒಯ್ತೀರಿ?"

ಗುಲ್ಜಾರ್‌ಬೀ ಒಳಗೆ ಹೋದಳು. ತಾನೇ ಮಚ್ಚು ತಂದು ಕೊಟ್ಟಳು. "ಸೀಳಿ ತೋರ್ಸು."

ಕಾಂಡದೊಳಗೆ ಬರೀ ಹುಡಿ. ಹುಡಿಯ ನಡುವೆ ಬಿಳೀ ಹುಳ.

"ಬೀಜ ಬಾಬಾ ಕೊಟ್ರು. ಈ ಹುಳಾನ ಕರೆದೋರು ನಾವು," ಎಂದು ಕಣ್ಣೊರೆಸಿಕೊಂಡು ಅವಳೇ ಬೆಂಕಿ ಹಚ್ಚಿದಳು.

"ಗಿರಿ ಮ್ಯಾಲೆ ತಂಪು ತಾನಾಗೇ ಐತೆ," ಎಂದಳು ಅಂಜಿನಮ್ಮ. "ನಮ್ಮ ಬಯಲಾಗೆ ನಾವೇ ಮಾಡ್ಕೊಡಬೇಕು. ಬುಡಕ್ಕೆ ತರಗೆಲೆ ಹಾಸ್ರಿ, ಪಡುವಣಕ್ಕೆ ಬಾಳೆ ಹಾಕ್ರಿ. ಹೊಂಗೆ ಚಿಗುರಿದ್ರೆ ಮುಟ್ಟಬ್ಯಾಡ್ರಿ. ಅಲ್ಲೀತನಕ ಗರಿ ಚಪ್ಪರ."

ಮರ ಕಡಿದ ಸುಬಾನಸಾಬನೇ ಚಪ್ಪರ ಕಟ್ಟಿದ. "ಮಗಳ ಮದುವಿಗೂ ನೀವು ಇಂಥ ಚಪ್ಪರ ಹಾಕಿರಲಿಲ್ಲ," ಎಂದು ಹೆಂಡತಿ ಛೇಡಿಸಿದಳು.

ಮರುವರ್ಷ ಉರುಸಿನಲ್ಲಿ ಗುಲ್ಜಾರ್‌ಬೀ ಕಾಫಿ ಕಾಯಿಸಿ ಕೊಟ್ಟಳು. ಕುಡಿದ ಮುದುಕರೊಬ್ಬರು, "ಯಾವ ಗಿರಿದಮ್ಮಾ ಇದು?" ಎಂದರು.

"ಗಿರಿದಲ್ಲ ಚಾಚಾ, ನಮ್ಮ ಹಿತ್ತಲದು!"

ಬಯಲಿನಲ್ಲಿ ಅರೇಬಿಕಾ ನೆಟ್ಟಿರುವ ಅಕ್ಕ ಅಣ್ಣಂದಿರೇ, ತಳಿ ಎಷ್ಟೇ ಒಳ್ಳೆಯದಿರಲಿ, ನೆರಳಿಲ್ಲದೆ ಅದು ಬಾಳದು. ಮಳೆಗೆ ಮುಂಚೆ ಒಂದೊಂದು ಕಾಂಡವನ್ನೂ ಸವರಿ ನೋಡಿ. ಸುತ್ತುಗೆರೆ ಸಿಕ್ಕರೆ ಮರುಗಬೇಡಿ, ಕಿತ್ತು ಸುಡಿ. ನೆರಳಿನ ಮರಕ್ಕೆ ಕೊಡಲಿ ಎತ್ತುವ ಮುಂಚೆ ಗುಲ್ಜಾರ್‌ಬೀಯನ್ನು ನೆನೆಯಿರಿ.