ವಾಲ್ಟರ್ ಕೊಟ್ಟ ಜಗ್

"ಶೋಕೇಸಲ್ಲಿದ್ದ ಜಗ್ ಎಲ್ಲವ್ವ?"

ಹರಿಯ ದನಿಗೆ ಒಲೆಯ ಮುಂದಿದ್ದ ಕೆಂಪಮ್ಮ ತಿರುಗಿದರು. "ಆ ಮೊಕ ಇರಾದಾ? ಪಕ್ಕದ್ಮನೆಗೆ ವಾಪಸ್ ಕೊಟ್ಟೆ ಕಣಪ್ಪ. ಬರೀ ಪಾತ್ರೆ ಹೆಂಗ್ ಕೊಡಾದು ಅಂತ ಗಸಗಸೆ ಪಾಯಸ ತುಂಬ್ಕೊಂಡ್ ಹೋಗಿದ್ದೆ. ಅವರ ಮಗ ಇದ್ದ, ಈಸ್ಕೊಂಡ."

"ಅದು ಪಾತ್ರೆ ಅಲ್ಲ ಕಣವ್ವ! ನಂಗೇ ಅಂತ ಕೊಟ್ಟಿದ್ದು!"

ಹೋದ ಭಾನುವಾರ, ಅಮೆರಿಕದ ಈ ಜೆರಿಕೋ ಊರಿನ ತನ್ನ ಮನೆ ಬಿಟ್ಟು ವೃದ್ಧರ ನರ್ಸಿಂಗ್ ಹೋಮಿಗೆ ಹೊರಡುವ ಮುನ್ನ, ಪಕ್ಕದ ಮನೆಯ ಎಂಬತ್ತನಾಲ್ಕರ ವಾಲ್ಟರ್ ಕೋಲೂರಿಕೊಂಡು ಬಂದು ಅದನ್ನು ಹರಿಯ ಕೈಗಿಟ್ಟಿದ್ದ. ಪಿಂಗಾಣಿಯಲ್ಲಿ ಮಾಡಿದ, ಹಳೇ ಕಾಡುನಾಡಿನ ಬೇಟೆಗಾರ ವೀರನೊಬ್ಬನ ತಲೆ. ಅವನ ತುಪ್ಪಳದ ಟೋಪಿಯ ಬಾಲವೇ ಜಗ್ಗಿನ ಹಿಡಿ. ಆ ವೀರನ ಕಥೆ ಹೇಳುತ್ತ ವಾಲ್ಟರನ ಅಪ್ಪ ಅದರಿಂದಲೇ ಹಾಲು ಬಗ್ಗಿಸುತ್ತಿದ್ದನಂತೆ. ಒಂದೇ ವರ್ಷ ಮಾಡಿ ಕಾರ್ಖಾನೆಯವರು ನಿಲ್ಲಿಸಿದ ಜಗ್. ಹನ್ನೊಂದು ಚಳಿಗಾಲ ಹರಿ ಆ ಮುದುಕನ ಡ್ರೈವ್‌ವೇಯ ಹಿಮ ಎತ್ತಿದ್ದ. ಅಷ್ಟು ವರ್ಷದಲ್ಲಿ ಒಮ್ಮೆಯೂ ಮುಖ ತೋರಿಸದ ಮಗರಾಯ ಈಗ ಮನೆ ಖಾಲಿ ಮಾಡಲು ಟ್ರಕ್ ತಂದಿದ್ದಾನೆ!

ಹರಿ ಬರಿಗಾಲಲ್ಲೇ ಓಡಿದ. ಮಗ ಸ್ಕಾಟ್ ಗ್ಯಾರೇಜಿನ ಬಾಗಿಲಲ್ಲಿ ಕೂತು ಜಗ್ಗಿಗೆ ಪ್ಲಾಸ್ಟಿಕ್ ಸುತ್ತುತ್ತಿದ್ದ.

"ಅದು ನನ್ನದು. ನಿಮ್ಮಪ್ಪ ನನಗೆ ಕೊಟ್ಟದ್ದು."

"ಪೇಪರ್ ಏನಾದರೂ ಇದೆಯಾ?" ಸ್ಕಾಟ್ ತಲೆ ಎತ್ತಲಿಲ್ಲ. "ನಿಮ್ಮಮ್ಮನೇ ತಂದುಕೊಟ್ಟರಲ್ಲ. ಆನ್‌ಲೈನಲ್ಲಿ ನೋಡಿದೆ, ತುಂಬ ಅಪರೂಪದ್ದಂತೆ. ಆಗಲೇ ಮಾರಾಟಕ್ಕೆ ಹಾಕಿದ್ದೇನೆ."

"ನಿಮ್ಮಪ್ಪನನ್ನೇ ಕೇಳು!"

"ಡ್ಯಾಡ್‌ಗೆ ಈಗ ಬುದ್ಧಿ ನೆಟ್ಟಗಿಲ್ಲ. ಯಾರು ಏನು ಕೇಳಿದರೂ ಕೊಟ್ಟುಬಿಡ್ತಾರೆ."

ಅಂದರೆ ತಾನು ಮುದುಕನಿಗೆ ಟೋಪಿ ಹಾಕಿದೆನೇ? ಹರಿಗೆ ಮೈಯೆಲ್ಲ ಉರಿದುಹೋಯಿತು. ಸ್ಕಾಟನ ಕೊರಳಪಟ್ಟಿ ಹಿಡಿಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟ. ಕಾಲಿಗೆ ಏನೋ ಅಂಟಿತು. ಹುಲ್ಲಿನ ಮೇಲೆ ಪಾಯಸ ಸುರಿದಿತ್ತು. ಗೋಡಂಬಿಗೆ ಇರುವೆ ಮುತ್ತಿದ್ದವು.

ಅಲ್ಲಿ ನುಂಗಿಕೊಂಡ ಸಿಟ್ಟನ್ನೆಲ್ಲ ಹರಿ ಮನೆಗೆ ಬಂದು ಅವ್ವನ ಮೇಲೆ ಕಾರಿದ. "ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ? ಹೋಯ್ತು, ಇನ್ನು ಸಿಗಲ್ಲ ಅದು! ನಿನ್ನ ಪಾಯಸಾನೂ ಚೆಲ್ಲವ್ನೆ, ಹೋಗಿ ನೋಡು!"

ಕೆಂಪಮ್ಮ ಅವನ ಪಾದವನ್ನೇ ನೋಡುತ್ತಿದ್ದರು. ಬೆರಳ ಸಂದಿಯಲ್ಲಿ ಗಸಗಸೆ ಮೆತ್ತಿತ್ತು.

"ತುಳ್ಕೊಂಡ್ ಬಂದ್ಯಾ?" ಎಂದರು. ಸೆರಗು ಸಿಕ್ಕಿಸಿ, ಚೆಂಬಿನಲ್ಲಿ ನೀರು ಹಿಡಿದು ಹೊರಗೆ ಹೋದರು.

ಹರಿ ಕಿಟಕಿಯಿಂದ ನೋಡಿದ. ಸ್ಕಾಟ್ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಅವ್ವ ಅವನತ್ತ ತಿರುಗಲೂ ಇಲ್ಲ; ಅನ್ನ ಇನ್ಯಾರ ಕಾಲಿಗೂ ಸಿಗದಂತೆ, ಬಾಗಿ, ಹುಲ್ಲಿನ ಮೇಲೆ ನೀರು ಬಿಡುತ್ತಿದ್ದರು. ಒಂದು ಚೆಂಬು ಸಾಲಲಿಲ್ಲ.

ಹರಿ ಹಲ್ಲು ಕಚ್ಚಿಕೊಂಡೇ, ಅವ್ವನಿಗೆ ಒಯ್ಯಲು, ದೊಡ್ಡ ಪಾತ್ರೆಯೊಂದನ್ನು ನಲ್ಲಿಗೆ ಹಿಡಿದ.