ಬಗ್ಗಿದ ಗೆರೆಗಳು

ಅಣ್ಣ ಮನೆಗಳ ನಕ್ಷೆ ಬರೆಯುವವನು. ನಮ್ಮ ಮನೆ ನಡೆಯುವುದೇ ಅದರಿಂದ. ಹೊಸ ಕಂಪ್ಯೂಟರಿನಲ್ಲಿ ಅವನಿಗೆ ನೇರ ಗೆರೆಗಳೆಲ್ಲ ನಡುವೆ ಬಗ್ಗಿ ಕಾಣುತ್ತಿದ್ದವು. ರಿಪೇರಿಯವರು ಬಂದು ಕೇಬಲ್ ಬದಲಿಸಿದರು, ಬೇರೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿದರು, ಕೊನೆಗೆ ಮಾನಿಟರನ್ನೇ ಬದಲಾಯಿಸಿದರು.

"ಈಗ ಹೇಗಿದೆ ಸಾರ್?"

"ಹಾಗೇ ಇದೆಯಲ್ರೀ! ಹೊಸದು ಅಂತ ಹಳೇ ಡಬ್ಬಾ ನನ್ನ ತಲೆಗೆ ಕಟ್ಟಿದ್ರಾ?"

ಅವರು ನನ್ನ ಕಡೆ ತಿರುಗಿದರು. "ನೀವೇ ನೋಡಮ್ಮ. ಸೊಟ್ಟ ಇದೆಯಾ?"

ಗೆರೆಗಳು ದಾರ ಎಳೆದು ಕಟ್ಟಿದ ಹಾಗೆ ನೆಟ್ಟಗಿದ್ದವು. ನಾನು ಅಣ್ಣನ ಮುಖ ನೋಡಿದೆ.

ಅವನು ಬೇಸರದಿಂದ ಕಿಟಕಿಯತ್ತ ನೋಡಿದ.

"ಪುಟ್ಟಿ, ಈ ಕಂಬಿ ಯಾವಾಗ ಬಗ್ಗಿತೇ?"

"ಬಗ್ಗಿಲ್ಲ ಅಣ್ಣ."

ಅವನು ಎದ್ದು ಹೋಗಿ ಕಂಬಿಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಸವರಿದ. ಆಮೇಲೆ ರಿಪೇರಿಯವರಿಗೆ ಮೆಲ್ಲಗೆ ಹೇಳಿದ:

"ನಿಮ್ಮ ಕಂಪ್ಯೂಟರ್ ಸರಿಯಾಗೇ ಇದೆ, ಬಿಡಿ."